‘ಗ್ಯಾರೇಜ್ ರಾಕ್’ ಮತ್ತು ‘ಒಡೆದ ದನಿ’: ಪದಗಳ ಬಗ್ಗೆ ಒಂದು ಕೋರಿಕೆ

ಮಾನ್ಯರೇ,

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ 1960ರಲ್ಲಿ ಹುಟ್ಟಿದ ‘ದ ಸಾನಿಕ್ಸ್’ ಎಂಬ ಸಂಗೀತ ತಂಡದ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ರಾಕ್ ಸಂಗೀತದ ಒರಟು ಬಗೆಯಾದ ಗ್ಯಾರೇಜ್ ರಾಕ್ ಪ್ರಕಾರಕ್ಕೆ ಬುನಾದಿ ಹಾಕಿದವರಲ್ಲಿ ಈ ತಂಡವನ್ನು ಎಣಿಸುತ್ತಾರೆ. ಆ ಪ್ರಕಾರದ ಹೆಸರಿನಲ್ಲೇ ನನಗೆ ಮೊದಲ ತೊಡಕು ಎದುರಾಗಿದೆ. ನಮ್ಮಲ್ಲಿ ಗ್ಯಾರೇಜು ಎಂದರೆ ಮೆಕ್ಯಾನಿಕ್ಕುಗಳು ಸ್ಕೂಟರು, ಲಾರಿಗಳನ್ನು ರಿಪೇರಿ ಮಾಡುವ ಜಾಗ. ಅಮೆರಿಕದ ಹೆಸರಿನಲ್ಲಿರುವುದು ಮನೆಗೆ ಸೇರಿದ ಕಾರ್ ಶೆಡ್ಡು. ವಾದ್ಯ ಕಲಿಯುತ್ತಿದ್ದ ಹದಿಹರೆಯದ ಹುಡುಗರು ತಾಲೀಮಿಗೆಂದು ಹಿಡಿದ ಜಾಗ ಅದು. ಹೀಗಾಗಿ ಕನ್ನಡದ ಓದುಗರಿಗೆ ಈ ಹೆಸರು ಕೇಳಿದೊಡನೆ ಬೇರೆಯದೇ ಚಿತ್ರ ಮೂಡುತ್ತದೆ. ಈ ಹೆಸರು ಆ ಹುಡುಗರು ಇಟ್ಟುಕೊಂಡದ್ದೂ ಅಲ್ಲ, 1970ರ ದಶಕದಲ್ಲಿ ವಿಮರ್ಶಕರಿಂದ ಬಳಕೆಗೆ ಬಂದದ್ದು. ‘ಕಾರ್ ಶೆಡ್ ರಾಕ್’ ಎಂದು ಬದಲಿಸಿದರೆ ಅರ್ಥ ಸರಿಯಾದರೂ ಪ್ರಕಾರದ ಗುರುತೇ ಹೋಗುತ್ತದೆಯಾದ್ದರಿಂದ, ಮೂಲದ ಹೆಸರನ್ನೇ ಉಳಿಸಿ ಮೊದಲ ಸಲ ಬರುವಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದು ಲೇಸೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಕಷ್ಟವಾಗಿರುವುದು, ಯಂತ್ರದ ಮಿತಿ ಮೀರಿದ ಸದ್ದು ಒರಟಾಗಿ ಒಡೆದು ಕೇಳಿಸುವುದಕ್ಕೆ ಹೇಳುವ ‘ಡಿಸ್ಟಾರ್ಷನ್’ ಎಂಬ ಪದ. ಈ ತಂಡದ ಸಾಧನೆಯೆಲ್ಲ ಅದರಲ್ಲೇ ಇದೆ ಎಂದರೂ ಸಲ್ಲುತ್ತದೆ. 1964ರಲ್ಲಿ ‘ದ ವಿಚ್’ ಹಾಡಿನೊಂದಿಗೆ ಹೊರಬಂದ ಇವರು 1965ರ ಮೊದಲ ಆಲ್ಬಂ ಅನ್ನು ಎರಡೇ ಟ್ರ್ಯಾಕಿನ ಟೇಪ್ ಯಂತ್ರದಲ್ಲಿ, ಡ್ರಮ್ ಸೆಟ್ಟಿಗೆಲ್ಲ ಸೇರಿ ಒಂದೇ ಮೈಕ್ ಇಟ್ಟು ಮುದ್ರಿಸಿದರು. ಮರುವರ್ಷದ ‘ಬೂಮ್’ ಆಲ್ಬಂಗೆ ಟಕೋಮಾದ ಸ್ಟುಡಿಯೋ ಒಂದರಲ್ಲಿ, ದನಿ ಇನ್ನಷ್ಟು ಜೀವಂತವಾಗಿ ಕೇಳಲೆಂದು, ಗೋಡೆಗೆ ಹೊದಿಸಿದ್ದ ಸದ್ದುತಡೆಯ ಹೊದಿಕೆಯನ್ನೇ ಕಿತ್ತುಹಾಕಿದರು. ಜೆರಿ ರಾಸ್ಲಿಯವರ ಅರಚು, ಲ್ಯಾರಿ ಪರೈಪಾ ಅವರ ಗಿಟಾರಿನ ಬಿರುಸು, ಬಾಬ್ ಬೆನೆಟ್ ಅವರ ಡ್ರಮ್ಮಿನ ಹೊಡೆತ ಎಲ್ಲವೂ ಯಂತ್ರದ ಮಿತಿಯನ್ನು ಮೀರಿ ಕೇಳಿಸುತ್ತವೆ. ಬೇಕೆಂದೇ ತಂದ ಈ ಗುಣವನ್ನು ವಿಕೃತಿ, ವಿರೂಪ ಎಂದು ಬರೆದರೆ ಅದು ದೋಷದ ಪಟ್ಟಿಗೆ ಸೇರಿಬಿಡುತ್ತದೆ. ಗೊಗ್ಗರು ಎಂಬುದು ಗಂಟಲಿಗೆ ಒಪ್ಪುತ್ತದೆ, ಗಿಟಾರಿಗೆ ಒಪ್ಪದು. ‘ಸೌಂಡ್ ಒಡೆಯುತ್ತಿದೆ’ ಎಂಬ ಮಾತಿನಿಂದ ಹೊರಟು ‘ಒಡೆದ ದನಿ’ ಎಂದು ಬಳಸಿ ನೋಡಿದೆ. ಅದು ನನಗೆ ಹಿಡಿಸಿದೆಯಾದರೂ, ಹುಡುಗರಿಗೆ ವಯಸ್ಸಿಗೆ ಬಂದಾಗ ದನಿ ಒಡೆಯುತ್ತದೆ ಎಂಬ ಬಳಕೆಯೊಂದಿಗೆ ಅದು ಬೆರೆಯುವ ಅಪಾಯವಿದೆ. ತಂಬೂರಿಯ ತಂತಿಯಡಿ ಎಳೆದಾರ ಸಿಕ್ಕಿಸಿ ಝೇಂಕಾರ ತರುವುದಕ್ಕೆ ನಮ್ಮಲ್ಲಿ ‘ಜೀವಾಳ’ ಎಂಬ ಸೊಗಸಾದ ಪದವಿದೆ. ಆದರೆ ಆ ಝೇಂಕಾರ ಶ್ರುತಿಯನ್ನು ತುಂಬಿಕೊಡುವಂಥದ್ದು, ಸಾನಿಕ್ಸ್‌ನವರ ಸದ್ದು ಸೀಳುವಂಥದ್ದು.

ಈ ಪದ ಸರಿಯಾಗಿ ಕೂರದೆ ತಂಡದ ಮುಂದಿನ ಕಥೆ ಹೇಳುವುದೂ ಕಷ್ಟ. 1967ರ ಮೂರನೆಯ ಆಲ್ಬಂನಲ್ಲಿ ದನಿ ನಯವಾಯಿತು. ಅದು ತಂಡದವರಿಗೇ ಒಪ್ಪಿಗೆಯಾಗಲಿಲ್ಲ. ಮೂಲ ಸದಸ್ಯರು ಆ ಹೊತ್ತಿಗೆ ಒಬ್ಬೊಬ್ಬರಾಗಿ ಚದುರುತ್ತಿದ್ದರು. ಮುಂದಿನ ತಲೆಮಾರಿನ ಸಂಗೀತಗಾರರು ಹುಡುಕಿಕೊಂಡು ಹೋದದ್ದು ಮೊದಲೆರಡು ಆಲ್ಬಂಗಳ ಆ ಒರಟುತನವನ್ನೇ. ಅಮೆರಿಕದ ‘ನಿರ್ವಾಣ’ ಎಂಬ ರಾಕ್ ತಂಡದ ಗಾಯಕ ಕರ್ಟ್ ಕೊಬೇನ್ ಇವರ ಡ್ರಮ್ಮಿನ ನಾದವನ್ನು ಮೆಚ್ಚಿ ಮಾತನಾಡಿದ್ದರು. 2007ರಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಮತ್ತೆ ಒಂದಾದ ಇವರು 2015ರಲ್ಲಿ ಹೊಸ ಆಲ್ಬಂ ತಂದಾಗಲೂ ಅದೇ ಗಡಸು ದನಿಗೆ ಮರಳಿದರು.

ಜತೆಗೆ ಇನ್ನೊಂದು ಸಣ್ಣ ಪ್ರಶ್ನೆಯಿದೆ. ಇವರ ‘ಸ್ಟ್ರಿಕ್ನಿನ್’ ಹಾಡಿನಲ್ಲಿ ನೀರು, ವೈನುಗಳಿಗಿಂತ ಸ್ಟ್ರಿಕ್ನಿನ್ ಎಂಬ ವಿಷವೇ ತನಗೆ ಇಷ್ಟವೆಂದು ಗಾಯಕ ಸಾರುತ್ತಾನೆ. ಆ ವಿಷ ಕಾಸರಕದ ಬೀಜದಲ್ಲಿರುವುದು. ಹಾಡಿನ ಸಾರವನ್ನು ಹೇಳುವಾಗ ‘ಕಾಸರಕದ ವಿಷ’ ಎಂದು ಬರೆದರೆ ಕರಾವಳಿಯವರಿಗೆ ಥಟ್ಟನೆ ತಿಳಿಯುತ್ತದೆ. ಬಯಲುಸೀಮೆಯ ಓದುಗರಿಗೂ ಆ ಹೆಸರು ಪರಿಚಿತವೇ? ಹಾಗೆಯೇ ಡಿಸ್ಟಾರ್ಷನ್‌ಗೆ ನಾಟಕ ಕಂಪನಿಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಅಥವಾ ಮೈಕ್‌ಸೆಟ್ ಬಾಡಿಗೆಗೆ ಕೊಡುವವರ ನಡುವೆ, ದೋಷವೆಂಬ ಧ್ವನಿಯಿಲ್ಲದ ಮಾತೊಂದು ಬಳಕೆಯಲ್ಲಿದ್ದರೆ, ಅದು ಯಾವ ಊರಿನದೆಂಬುದರೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.