ಸ್ಲ್ಯಾಬ್‌ಗೆ ತೂತು ಹೊಡೆಯೋಕೆ ಹೋಗಿ ಡ್ರಿಲ್ ಬಿಟ್ ನೀಲಿ ಆಯ್ತು, ಕೈ ಬೇರೆ ತಿರುಚ್ತು, ಎಲ್ಲಿ ತಪ್ಪು ಮಾಡ್ತಿದೀನಿ?

ಜಗಲಿಕಟ್ಟೆ:
ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೇಲಿ ನಮ್ಮನೆ, ಮಳೆ ಹಿಡೀತು ಅಂದ್ರೆ ಬಟ್ಟೆ ಒಣಗ್ಸೋ ಕಷ್ಟ ಈ ಕಡೆಯೋರಿಗೆ ಬಿಡ್ಸಿ ಹೇಳೋದು ಬೇಡ, ಬಚ್ಚಲೊಲೆ ಮೇಲೆ ಕಟ್ಟಿದ್ರೆ ಶರ್ಟಿಗೆಲ್ಲ ಹೊಗೆ ನಾತ. ಅದಕ್ಕೆ ಈ ಸಲ ಹಗ್ಗ ಎಳೆದ್ರೆ ಮೇಲೆ ಹೋಗೋ ಹ್ಯಾಂಗರ್‌ನ ಹಿಂದಿನ ಜಗಲಿ ಸ್ಲ್ಯಾಬ್‌ಗೆ ನಾನೇ ಹಾಕಣ ಅಂತ 18 ವೋಲ್ಟಿನ ಕಾರ್ಡ್‌ಲೆಸ್ ಹ್ಯಾಮರ್ ಡ್ರಿಲ್ ತಗೊಂಡೆ. ಮೊದ್ಲನೇ ತೂತು ಆರಾಮಾಗಿ ಹೋಯ್ತು. ಎರಡನೇದು ಒಂದು 2 ಸೆಂಟಿಮೀಟರ್ ಇಳಿದು ಅಲ್ಲೇ ನಿಂತ್ಬಿಡ್ತು, ಎಷ್ಟು ಒತ್ತಿದ್ರೂ ಇಲ್ಲ, ಮೈ ಭಾರ ಎಲ್ಲ ಹಾಕಿ ಐದು ನಿಮಿಷ ಒತ್ತಿದ್ಮೇಲೆ ಬಿಟ್ ತುದಿ ನೀಲಿ ಆಯ್ತು, ಆಮೇಲೆ ಒಂದೇ ಸಲ ಕಚ್ಕೊಂಡು ಮೆಷಿನ್ನೇ ಗಿರ್ ಅಂತ ತಿರುಗಿ ಮಣಿಕಟ್ಟು ತಿರುಚಿ ಸ್ಟೂಲಿಂದ ಬೀಳೋದು ಸ್ವಲ್ಪದ್ರಲ್ಲಿ ತಪ್ತು. ಡ್ರಿಲ್ಲೇ ಡಬ್ಬಾನಾ?
ಇನ್ನೊಂದು, ಮುಂದಿನ ಗೋಡೆ ಜಂಬಿಟ್ಟಿಗೆದು. ಅಲ್ಲಿ ಉಲ್ಟಾ ಕಥೆ, ಬೆಣ್ಣೆಗೆ ಚುಚ್ಚಿದಂಗೆ ಹೋಗುತ್ತೆ ಆದ್ರೆ ಸ್ಕ್ರೂ ಹಿಡಿಯೋಕೆ ತೂತಿಗೆ ಬಡಿಯೋ ಪ್ಲಾಸ್ಟಿಕ್ ಪ್ಲಗ್ ಒಳಗೇ ತಿರುಗುತ್ತೆ, ಸ್ಕ್ರೂ ನಿಲ್ಲಲ್ಲ.

ಹೊಸನಗರದವ:
ಮಾರಾಯ, ಡ್ರಿಲ್ ಸರಿ ಇದೆ, ನಿಂಗೆ ಸಿಕ್ಕಿದ್ದು ಕಂಬಿ. ಸ್ಲ್ಯಾಬಲ್ಲಿ ಕೆಳಗಿನ ಸಾಲು ಕಂಬಿಗೆ ಸಾಮಾನ್ಯವಾಗಿ 20 ಮಿಲಿಮೀಟರ್ ಕವರ್, ಅಂದ್ರೆ ಕಂಬಿ ಮುಚ್ಚೋ ಕಾಂಕ್ರೀಟ್, ಬಿಟ್ಟಿರ್ತಾರೆ, ನೀನು ನಿಂತಿದ್ದೂ ಸರಿಯಾಗಿ ಅಲ್ಲೇ ನೋಡು. ಹ್ಯಾಮರ್ ಕಾಂಕ್ರೀಟನ್ನ ಪುಡಿ ಮಾಡುತ್ತೆ, ಕಬ್ಬಿಣಕ್ಕೆ ಅದ್ರ ಆಟ ನಡಿಯಲ್ಲ. ಪುಡಿ ಬೂದಿ ಬಣ್ಣದಲ್ಲಿ ಬರ್ತಿದ್ದದ್ದು ನಿಂತು ಮಿನುಗೋ ಚೂರು ಕಂಡ್ರೆ ಅಲ್ಲಿಗೆ ಕೈ ಬಿಟ್ಟು ಮೂರ್ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ ಹೋಗು. ಕಂಬಿ ಕತ್ತರಿಸೋ ಹಟಕ್ಕೆ ಮಾತ್ರ ಬೀಳ್ಬೇಡ, ಸ್ಲ್ಯಾಬ್ ನಿಂತಿರೋದೇ ಅದ್ರ ಮೇಲೆ.
ಮೈ ಭಾರ ಹಾಕೋದೂ ಬೇಡ. ಈ ಡ್ರಿಲ್ ಒಳಗೆ ಹಲ್ಲಿರೋ ಎರಡು ಬಿಲ್ಲೆ ಒಂದ್ರ ಮೇಲೊಂದು ಉಜ್ಜಿ ಕುಪ್ಪಳಿಸ್ತವೆ ಅಷ್ಟೆ, ಒತ್ತದೇ ಇದ್ರೆ ಅವು ಕೂಡಲ್ಲ, ವಿಪರೀತ ಒತ್ತಿದ್ರೆ ಮೋಟಾರ್ ಏದುಸಿರು ಬಿಡುತ್ತೆ. ಒಂದೇ ಸಮ ಒತ್ತಡ, ಗೇರ್ 2, ಐದಾರು ಸೆಕೆಂಡಿಗೊಮ್ಮೆ ಬಿಟ್ ತಿರುಗ್ತಿರೋ ಹಾಗೇ ಹೊರಗೆಳೆದು ಪುಡಿ ಬೀಳ್ಸಿ ಮತ್ತೆ ಒಳಗೆ. ಬಿಟ್ ಬಿಸಿ ಆಯ್ತು ಅಂತ ನೀರಿಗೆ ಅದ್ದಬೇಡ, ತುದಿಯ ಕಾರ್ಬೈಡ್ ಬಿರುಕು ಬಿಡುತ್ತೆ. ನೀಲಿ ಆಗಿರೋದನ್ನ ಎಸಿ, ತುದಿ ಬೆಸುಗೆ ಸಡಿಲ ಆಗಿರುತ್ತೆ.
ಕೈ ತಿರುಚಿದ್ದಕ್ಕೆ ಪಕ್ಕದ ಹ್ಯಾಂಡಲ್ ಹಾಕಿರ್ಲಿಲ್ಲ ಅಂತ ಕಾಣುತ್ತೆ, ಬಾಕ್ಸಲ್ಲೇ ಬಿದ್ದಿರುತ್ತೆ ನೋಡು. ಸ್ಟೂಲ್ ಬಿಟ್ಟು ಏಣಿ ತಗೋ, ಕೆಳಗೆ ಒಬ್ರು ಹಿಡ್ಕೊಳ್ಲಿ. ಹೆಗಲ ಮೇಲೆ ಟವಲ್, ಕೈಗೆ ನೂಲಿನ ಗ್ಲೌಸ್ ಎರಡೂ ಬೇಡ, ಸುತ್ಕೊಂಡ್ರೆ ಬೆರಳು ಹೋಗುತ್ತೆ. ಕಣ್ಣಿಗೆ ಕನ್ನಡಕ ಬೇಕೇಬೇಕು, ಮೇಲಿಂದ ಸುರಿಯೋ ಪುಡಿಗೆ ಖಾಲಿ ಮೊಸರಿನ ಕಪ್ಪಿನ ತಳ ತೂತು ಮಾಡಿ ಬಿಟ್ಟಿಗೆ ಏರ್ಸು, ಮುಕ್ಕಾಲು ಪಾಲು ಅದ್ರಲ್ಲೇ ಬೀಳುತ್ತೆ. ಮೂಗಿಗೆ ಮಾಸ್ಕ್ ಕಟ್ಕೋ, ಕಾಂಕ್ರೀಟ್ ಪುಡೀಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ.

ತೂತುಮಡಿಕೆ:
ನಂದೊಂದು ಪೆದ್ದು ಕಥೆ. ತಗೊಂಡ ಹೊಸದ್ರಲ್ಲಿ ಕಟಕಟ ಸದ್ದು ಬರ್ತಿತ್ತು, ಓ ಹ್ಯಾಮರ್ ಬಡೀತಿದೆ ಅಂತ ಅರ್ಧ ಗಂಟೆ ಖುಷೀಲಿ ಹಿಡ್ಕೊಂಡಿದ್ದೆ. ಅದು ಕ್ಲಚ್ (ಬಿಗಿ ಜಾಸ್ತಿ ಆದ್ರೆ ಬಿಟ್ ತಿರುಗೋದನ್ನ ಬಿಡ್ಸೋ ಭಾಗ) ಜಾರೋ ಸದ್ದು! ಡ್ರಿಲ್ ಮೂತಿ ಹತ್ರದ ರಿಂಗ್ ಸ್ಕ್ರೂ ಬಿಗಿಯೋ ನಂಬರಲ್ಲಿತ್ತು, ಸುತ್ತಿಗೆ ಗುರುತಿಗೆ ತಿರುಗ್ಸಿರ್ಲೇ ಇಲ್ಲ. ಮತ್ತೊಂದಿನ ರಿವರ್ಸಲ್ಲಿ ಕೊರೆದಿದೀನಿ, ಅದು ಬಿಡಿ.

ವೈರ್‌ಮನ್_ಸಾಗರ:
ಕಂಬಿ ಸಿಕ್ಕಿದ್ದು ಪುಣ್ಯ ಅನ್ಕೊಳಿ, ಸ್ಲ್ಯಾಬಲ್ಲಿ ವೈರ್ ಪೈಪೂ ಹೋಗಿರುತ್ತೆ. ಗೋಡೇಲಿ ಸಾಮಾನ್ಯವಾಗಿ ಸ್ವಿಚ್‌ಬೋರ್ಡಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಸ್ಲ್ಯಾಬಲ್ಲಿ ಹಂಗಲ್ಲ, ಫ್ಯಾನ್ ಬಾಕ್ಸಿಂದ ಗೋಡೆಗೆ ಅಡ್ಡಾದಿಡ್ಡಿ ಎಳೆದಿರ್ತೀವಿ, ಆ ದಾರಿ ಬಿಟ್ಟು ದೂರ ಹೊಡೀರಿ.
ಕಾರ್ಡ್‌ಲೆಸ್‌ದು ದೊಡ್ಡ ಲಾಭ ಅಂದ್ರೆ ಮೇನ್ ಆಫ್ ಮಾಡಿ ಕೆಲಸ ಮಾಡ್ಬಹುದು. ಆದ್ರೆ ನಮ್ಮ ಕಡೆ ಮನೆಮನೆಗೂ ಇನ್ವರ್ಟರ್. ನೀವು ಮೇನ್ ಆಫ್ ಮಾಡಿದ ತಕ್ಷಣ ಅದು ಕರೆಂಟ್ ಹೋಯ್ತು ಅಂದ್ಕೊಂಡು ಬ್ಯಾಟರಿಯಿಂದ ಲೈಟು ಫ್ಯಾನಿನ ಲೈನಿಗೆ 230 ವೋಲ್ಟ್ ಕೊಡುತ್ತೆ, ಸ್ಲ್ಯಾಬಲ್ಲಿ ಇರೋದೂ ಅದೇ ಲೈನು. ಬರೀ ಇನ್ವರ್ಟರ್ ಸ್ವಿಚ್ ಆಫ್ ಮಾಡಿದ್ರೂ ಸಾಲಲ್ಲ, ಮೇನ್ ಇದ್ರೆ ಸುಮಾರು ಇನ್ವರ್ಟರ್‌ಗಳಲ್ಲಿ ಕರೆಂಟ್ ಅದ್ರೊಳಗಿಂದ ಹಾದು ಹೋಗುತ್ತೆ. ಎರಡೂ ಆಫ್ ಮಾಡಿ, ಆ ರೂಮಿನ ಫ್ಯಾನ್ ಸ್ವಿಚ್ ಹಾಕಿ ತಿರುಗಲ್ಲ ಅಂತ ಕಣ್ಣಾರೆ ನೋಡಿ, ಆಮೇಲೆ ಏಣಿ ಹತ್ತಿ. ಮಳೆಗೆ ಕರೆಂಟ್ ಹೋಗಿದೆ ಹೆಂಗೂ ಅಂತ ಶುರು ಮಾಡೋರು ಇದಾರೆ, ಅವ್ರಿಗೆ ನಾನು ಕೈ ಮುಗೀತೀನಿ.

ಹೊಸನಗರದವ:
ಜಂಬಿಟ್ಟಿಗೆದು ಹೇಳಕ್ಕೆ ಮರೆತೆ. ಅಲ್ಲಿ ಹ್ಯಾಮರ್ ಬೇಡವೇ ಬೇಡ, ಬರೀ ಡ್ರಿಲ್ ಮೋಡ್. ಆ ಕಲ್ಲಲ್ಲಿ ಹುಳ ತಿಂದಂಗೆ ತೂತುಗಳಿರ್ತವೆ, ಬಡಿದ್ರೆ ಅಂಚು ಉದುರಿ 8 ಎಂಎಂ ತೂತು 10 ಆಗುತ್ತೆ, ಪ್ಲಗ್ ತಿರುಗದೇ ಇನ್ನೇನು. ಒಂದು ಸೈಜ್ ಸಣ್ಣ ಬಿಟ್ ಹಾಕಿ ಉದ್ದದ ಪ್ಲಗ್ ಬಡಿ, ಗಾರೆ ದಾಟಿ ಕಲ್ಲೊಳಗೆ ಹೋಗ್ಬೇಕು. ಆಗಲೇ ದೊಡ್ಡದಾಗಿರೋ ತೂತಿಗೆ ನಮ್ಮಪ್ಪ ಹಲಸಿನ ಮರದ ಗೂಟ ಬಡಿದು ಅದಕ್ಕೆ ಸ್ಕ್ರೂ ಹಾಕ್ತಿದ್ರು, ಇವತ್ತಿಗೂ ಗಟ್ಟಿ ಇದೆ.
ಹ್ಯಾಂಗರ್‌ಗೆ ಪ್ಲಾಸ್ಟಿಕ್ ಪ್ಲಗ್ ನಂಬಬೇಡ. ಒದ್ದೆ ಕಂಬಳಿ ಭಾರ ನೇರ ಕೆಳಕ್ಕೆ ಎಳೆಯುತ್ತೆ, ತೂತೊಳಗೆ ಅಗಲವಾಗಿ ಕಚ್ಕೊಳ್ಳೋ ಕಬ್ಬಿಣದ ಆಂಕರ್ ಹಾಕು, ಅದ್ರ ಡಬ್ಬಿ ಮೇಲೆ ಬರೆದಿರೋ ಸೈಜಿನ ಬಿಟ್ಟೇ ಬಳಸು.

ಜಗಲಿಕಟ್ಟೆ:
ಆಯ್ತು ಮಾರಾಯ್ರೆ! 4 ಸೆಂಟಿಮೀಟರ್ ಪಕ್ಕಕ್ಕೆ ಹೋದೆ, ಅರ್ಧ ನಿಮಿಷ ಹಿಡೀಲಿಲ್ಲ. ಬಿಟ್ಟಿಗೆ ಆಳದ ಗುರುತಿಗೆ ಟೇಪ್ ಸುತ್ಕೊಂಡಿದ್ದೆ. ನಾಲ್ಕನೇ ತೂತಿಗೆ ಬ್ಯಾಟರಿ ಕೈ ಸುಡೋಷ್ಟು ಬಿಸಿಯಾಗಿ ಆಫ್ ಆಯ್ತು, ತಣಿಸಿಯೇ ಚಾರ್ಜಿಗೆ ಹಾಕಿದೆ. ವೈರ್‌ಮನ್ ಅಣ್ಣ, ಮೇನ್ ಆಫ್ ಮಾಡಿ ನೋಡಿದ್ರೆ ಫ್ಯಾನ್ ಆರಾಮಾಗಿ ತಿರುಗ್ತಾ ಇತ್ತು, ಎದೆ ಝಲ್ ಅಂತು. ಹ್ಯಾಂಗರ್ ಮೇಲೆ ಹೋಗಿದೆ, ನಾನು ಏಣಿ ತೆಗೆಯೋದ್ರೊಳಗೆ ಅಮ್ಮ ಎರಡು ಪಂಚೆ ಹಾಕಿ ಆಗಿತ್ತು. ಹಲಸಿನ ಗೂಟ ನಾಳೆ ನೋಡ್ತೀನಿ.