ಭಯದ ವಿಡಿಯೋ ಗೇಮ್‌ಗಳಲ್ಲಿ ದುಃಖ, ಅಪರಾಧಪ್ರಜ್ಞೆ, ದೌರ್ಜನ್ಯ: ನಮ್ಮ ಬಳಗದಲ್ಲಿ ಚರ್ಚಿಸಬಹುದೇ?

ಮುಲುಂಡ್ ಓದುಗಿ

ಎಲ್ಲರಿಗೂ ನಮಸ್ಕಾರ. ಮುಲುಂಡ್ ಮತ್ತು ಠಾಣೆಯ ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಕೃತಿಯನ್ನು ಕುರಿತು ಮಾತನಾಡುತ್ತೇವೆ. ಇದುವರೆಗೆ ಕಾವ್ಯ, ಕಾದಂಬರಿ, ನಾಟಕಗಳನ್ನಷ್ಟೇ ಎತ್ತಿಕೊಳ್ಳುತ್ತಿದ್ದ ಬಳಗಕ್ಕೆ ಈ ಸಲ ಕಾಲೇಜಿನಲ್ಲಿ ಓದುತ್ತಿರುವ ಸದಸ್ಯರು ‘ಸೈಲೆಂಟ್ ಹಿಲ್ 2’ ಎಂಬ ವಿಡಿಯೋ ಗೇಮನ್ನು ಸೂಚಿಸಿದ್ದಾರೆ. ಅವರು ಅದನ್ನು ಆಡಿ ಮುಗಿಸುವವರೆಗೂ ನಾನು ಪಕ್ಕದಲ್ಲಿ ಕುಳಿತು ನೋಡಿದೆ. ತೀರಿಕೊಂಡ ಹೆಂಡತಿ ಮೇರಿಯ ಹೆಸರಿನಲ್ಲಿ ಪತ್ರ ಬಂದಿತೆಂದು ಮಂಜು ಮುಸುಕಿದ ಊರಿಗೆ ಬರುವ ಜೇಮ್ಸ್, ಕಾಯಿಲೆ ಬಿದ್ದಿದ್ದ ಅವಳ ಮುಖಕ್ಕೆ ದಿಂಬು ಒತ್ತಿ ಕೊಂದವನು ತಾನೇ ಎಂಬ ಸತ್ಯಕ್ಕೆ ಕಡೆಗೆ ಎದುರಾಗುವ ಕಥೆ ನನ್ನನ್ನು ಬಹಳವಾಗಿ ಕಲಕಿತು.

ಆದರೂ ಎರಡು ಪ್ರಶ್ನೆಗಳು ಉಳಿದಿವೆ. ಅಪರಾಧಪ್ರಜ್ಞೆ ನಮ್ಮ ಸಾಹಿತ್ಯಕ್ಕೆ ಹೊಸ ವಸ್ತುವಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೇ, ಅಂದರೆ ಮನಸ್ಸಿನಲ್ಲಷ್ಟೇ ಎಸಗಿದ ಹಿಂಸೆಗೇ, ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ನೋಯುತ್ತಾರೆ. ಹಾಗಿರುವಾಗ ಓದಿನಿಂದ ದಕ್ಕದ ಯಾವುದು ಆಟದಿಂದ ದಕ್ಕುತ್ತದೆ? ಎರಡನೆಯದನ್ನು ನಮ್ಮ ಹಿರಿಯ ಸದಸ್ಯೆಯೊಬ್ಬರು ಎತ್ತಿದ್ದಾರೆ. ತಂದೆಯಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಏಂಜೆಲಾ ಎಂಬ ತರುಣಿಯ ನೋವನ್ನು ಒಂದು ವಿಕಾರ ಪ್ರಾಣಿಯನ್ನಾಗಿ ಮಾಡಿ, ಆಟಗಾರನು ಅದರೊಡನೆ ಹೊಡೆದಾಡಿ ಗೆಲ್ಲುವಂತೆ ಇಟ್ಟಿರುವುದು ಆ ನೋವಿಗೆ ಮಾಡುವ ಅವಮಾನವಲ್ಲವೇ ಎಂದು ಅವರು ಕೇಳುತ್ತಾರೆ. ಆಡಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಠಾಣೆಯ ಆಟಗಾರ

ಮೇಡಂ, ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. 2001ರಲ್ಲಿ ಕೊನಾಮಿ ಸಂಸ್ಥೆಯ ತಂಡವೊಂದು ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕಾಗಿ ರೂಪಿಸಿದ ಈ ಆಟಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ. ಆದರೆ ‘ನಿನಗೆ ಯಾವ ಮುಕ್ತಾಯ ಬೇಕು’ ಎಂದು ಪರದೆಯ ಮೇಲೆ ಎಲ್ಲಿಯೂ ಕೇಳುವುದಿಲ್ಲ. ನಾವು ಹೇಗೆ ಆಡುತ್ತೇವೆ ಎಂಬುದನ್ನು ಆಟ ಸದ್ದಿಲ್ಲದೆ ಗಮನಿಸುತ್ತಿರುತ್ತದೆ. ಮೈಮೇಲೆ ಗಾಯಗಳಿದ್ದರೂ ಔಷಧ ಬಳಸದೆ ಬಹಳ ಹೊತ್ತು ಹಾಗೆಯೇ ಅಲೆದರೆ, ಏಂಜೆಲಾ ಒಪ್ಪಿಸಿದ ಚಾಕುವನ್ನು ಹೊರತೆಗೆದು ಮತ್ತೆ ಮತ್ತೆ ನೋಡಿದರೆ, ಕಥೆ ಜೇಮ್ಸ್‌ನ ಆತ್ಮಹತ್ಯೆಯ ಕಡೆಗೆ ವಾಲುತ್ತದೆ. ಮೇರಿಯ ಫೋಟೋವನ್ನೂ ಪತ್ರವನ್ನೂ ಆಗಾಗ ನೋಡುತ್ತ, ಗಾಯಗಳಿಗೆ ಆರೈಕೆ ಮಾಡಿಕೊಳ್ಳುತ್ತ ಹೋದರೆ ಅವನು ಊರನ್ನು ಬಿಟ್ಟು ಹೊರಡುವ ಮುಕ್ತಾಯ ಸಿಗುವ ಸಂಭವ ಹೆಚ್ಚು. ದುಃಖದಲ್ಲಿರುವ ಮನುಷ್ಯ ತನ್ನ ದೇಹವನ್ನು ನೋಡಿಕೊಳ್ಳುತ್ತಾನೋ ಇಲ್ಲವೋ, ಯಾವ ವಸ್ತುವಿನ ಮೇಲೆ ಅವನ ಕಣ್ಣು ನೆಡುತ್ತದೆ ಎಂಬ ಸಣ್ಣ ಸಂಗತಿಗಳೇ ಇಲ್ಲಿ ಕಥೆಯ ದಿಕ್ಕನ್ನು ತಿರುಗಿಸುತ್ತವೆ. ಕಾದಂಬರಿಕಾರ ಇವನ್ನು ವರ್ಣಿಸಬಲ್ಲ. ಆದರೆ ಓದುಗನ ಕೈಯಿಂದ ಮಾಡಿಸಲಾರ.

ಪಿರಮಿಡ್ ಹೆಡ್ ಎಂಬ ಆಕೃತಿಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಮಸಾಹಿರೊ ಇಟೊ ವಿನ್ಯಾಸಗೊಳಿಸಿದ, ತಲೆಯ ಜಾಗದಲ್ಲಿ ಕಬ್ಬಿಣದ ಭಾರವಾದ ಶಿಖರವನ್ನು ಹೊತ್ತ ಈ ವಧಕಾರನನ್ನು ಎಷ್ಟು ಗುಂಡು ಹೊಡೆದರೂ ಕೊಲ್ಲಲಾಗುವುದಿಲ್ಲ. ತನ್ನ ಪಾಪಕ್ಕೆ ಶಿಕ್ಷೆ ಕೊಡುವ ಒಬ್ಬನು ಬೇಕಾಗಿದ್ದರಿಂದಲೇ ಇವನು ಇದ್ದನೆಂದು ಜೇಮ್ಸ್ ಒಪ್ಪಿಕೊಂಡ ಮೇಲೆ, ಕೊನೆಯ ಕಾಳಗದಲ್ಲಿ ಎರಡಾಗಿ ಬರುವ ಆ ಆಕೃತಿಗಳು ತಮ್ಮನ್ನು ತಾವೇ ಇರಿದುಕೊಳ್ಳುತ್ತವೆ. ಬಹುಪಾಲು ಆಟಗಳಲ್ಲಿ ಚುರುಕಾದ ಬೆರಳುಗಳೇ ಗೆಲ್ಲುತ್ತವೆ. ಇಲ್ಲಿ ಆಟಗಾರನ ಕೌಶಲಕ್ಕೆ ಬಗ್ಗದ್ದು ಜೇಮ್ಸ್‌ನ ಒಪ್ಪಿಗೆಗೆ ಬಗ್ಗುತ್ತದೆ ಎಂಬುದು ಈ ಕೃತಿಯ ದೊಡ್ಡಸ್ತಿಕೆ ಎಂದು ನನ್ನ ಭಾವನೆ.

ಪುಣೆಯ ಆಪ್ತಸಮಾಲೋಚಕಿ

ನಿಮ್ಮ ಹಿರಿಯ ಸದಸ್ಯೆಯ ಸಂದೇಹವನ್ನು ನಾನು ಗೌರವಿಸುತ್ತೇನೆ. ಆ ಕಾಳಗ ನನಗೂ ಪೂರ್ತಿ ಒಪ್ಪಿಗೆಯಾದುದಲ್ಲ. ಹಾಸಿಗೆಯ ಮೇಲೆ ಒಂದರ ಮೇಲೊಂದು ಬಿದ್ದ ಎರಡು ದೇಹಗಳಂತೆ ಕಾಣುವ ಆ ಪ್ರಾಣಿಯನ್ನು ಜೇಮ್ಸ್ ಉರುಳಿಸಿದ ಮೇಲೆ ಏಂಜೆಲಾ ತಾನೇ ಬಂದು ಅದನ್ನು ಒದೆಯುತ್ತಾಳೆ, ಅದರ ಮೇಲೆ ಟಿವಿಯನ್ನು ಎತ್ತಿ ಹಾಕುತ್ತಾಳೆ. ಅವಳ ಸಿಟ್ಟಿಗೆ ಅಷ್ಟು ಜಾಗ ಸಿಕ್ಕಿತೆಂಬುದು ನಿಜ. ಆದರೂ ಅವಳ ಬದುಕಿನ ಅತಿ ಘೋರವಾದ ಸಂಗತಿ ಬೇರೊಬ್ಬನ ದಾರಿಯಲ್ಲಿನ ಒಂದು ಅಡ್ಡಿಯಾಗಿ ಬಂದುಹೋಗುತ್ತದೆ.

ಆಟದ ನಿಜವಾದ ಪ್ರಾಮಾಣಿಕತೆ ಅದಾದ ಮೇಲೆ ಬರುವ, ಬೆಂಕಿ ಹತ್ತಿದ ಮೆಟ್ಟಿಲಿನ ದೃಶ್ಯದಲ್ಲಿದೆ. ಅಲ್ಲಿ ಏಂಜೆಲಾ ಮೊದಲು ಜೇಮ್ಸ್‌ನನ್ನೇ ತನ್ನ ತಾಯಿಯೆಂದು ಭ್ರಮಿಸುತ್ತಾಳೆ. ತನಗೆ ಆದದ್ದಕ್ಕೆ ತಾನೇ ತಕ್ಕವಳೆಂದು ತಾಯಿಯೂ ಹೇಳಿದ್ದಳೆಂದು ನೆನೆಯುತ್ತಾಳೆ. ಹಲವು ವರ್ಷ ಸಮಾಲೋಚನೆಯ ಕೊಠಡಿಯಲ್ಲಿ ಕುಳಿತವಳಾಗಿ ಹೇಳುತ್ತೇನೆ: ದೌರ್ಜನ್ಯ ಎಸಗಿದವನ ಕೃತ್ಯದಷ್ಟೇ ಆಳವಾಗಿ, ಕೆಲವೊಮ್ಮೆ ಅದಕ್ಕಿಂತ ಆಳವಾಗಿ ಗಾಯ ಮಾಡುವುದು ಮನೆಯವರ ಇಂಥ ಮಾತು. ‘ಸುಮ್ಮನಿರು, ಮನೆಯ ಮರ್ಯಾದೆ ಹೋಗುತ್ತದೆ’ ಎಂಬ ರೂಪದಲ್ಲಿ ಇದನ್ನು ನಮ್ಮ ಮನೆಗಳಲ್ಲಿಯೂ ಹೆಣ್ಣುಮಕ್ಕಳು ಕೇಳಿಸಿಕೊಂಡಿದ್ದಾರೆ. ಅನಂತರ ಅವಳು, ನೀನು ನನ್ನನ್ನು ಪ್ರೀತಿಸಿ, ನೋಡಿಕೊಂಡು, ನನ್ನ ನೋವನ್ನೆಲ್ಲ ವಾಸಿ ಮಾಡಬಲ್ಲೆಯಾ ಎಂದು ಕೇಳುತ್ತಾಳೆ. ಜೇಮ್ಸ್ ಬಾಯಿ ತೆರೆಯುವುದಿಲ್ಲ. ಅಲ್ಲಿ ಒತ್ತಲು ಯಾವ ಬಟನ್ನೂ ಇಲ್ಲ. ಇಲ್ಲಿ ತುಂಬ ಬಿಸಿ ಎಂದು ಅವನು ಅಂದಾಗ, ತನಗೆ ಯಾವಾಗಲೂ ಹೀಗೆಯೇ ಎಂದು ಹೇಳಿ ಅವಳು ಬೆಂಕಿಯೊಳಗೆ ಹತ್ತಿ ಹೋಗುತ್ತಾಳೆ. ಕಾಪಾಡುವ ಗಂಡಸಿನ ಪಾತ್ರವನ್ನು ಆಟಗಾರನಿಂದ ಹೀಗೆ ಕಸಿದುಕೊಂಡದ್ದು ಬಹಳ ವಿವೇಕದ ನಿರ್ಧಾರ. ಇದೇ ಊರಿನಲ್ಲಿ ಓಡಾಡುವ ಲಾರಾ ಎಂಬ ಪುಟ್ಟ ಹುಡುಗಿಗೆ ಒಂದು ವಿಕಾರವೂ ಕಾಣಿಸುವುದಿಲ್ಲ ಎಂಬುದನ್ನೂ ನಿಮ್ಮ ಸದಸ್ಯರು ಗಮನಿಸಲಿ.

ಎಲ್ಲ ಆಟಗಳೂ ಇಷ್ಟು ಎಚ್ಚರ ವಹಿಸುವುದಿಲ್ಲ. 2021ರ ‘ದಿ ಮೀಡಿಯಂ’ ದೌರ್ಜನ್ಯದಿಂದ ನೊಂದವರ ಒಳಗೆ ಬೇರೆಯವರನ್ನು ಕೊಲ್ಲುವ ಪಿಶಾಚಿ ಹುಟ್ಟುತ್ತದೆಂದು ತೋರಿಸಿ, ಸಾವೊಂದೇ ಬಿಡುಗಡೆ ಎಂಬ ಭಾವನೆಯನ್ನು ಉಳಿಸುತ್ತದೆ. ಅದು ಸುಳ್ಳು, ಬದುಕುಳಿದು ಬಂದವರನ್ನು ದಿನವೂ ಕಾಣುವ ನನಗೆ ಅದನ್ನು ಸಹಿಸುವುದು ಕಷ್ಟ. ಅದನ್ನು ತಯಾರಿಸಿದ ಬ್ಲೂಬರ್ ಟೀಮ್ ಎಂಬ ಸಂಸ್ಥೆಯೇ 2024ರ ಅಕ್ಟೋಬರಿನಲ್ಲಿ ‘ಸೈಲೆಂಟ್ ಹಿಲ್ 2’ರ ಹೊಸ ಆವೃತ್ತಿಯನ್ನು ತಂದಿತು. ಇದಕ್ಕೆ ವಿರುದ್ಧವಾಗಿ 2017ರ ‘ಹೆಲ್‌ಬ್ಲೇಡ್’ ಆಟವನ್ನು ರೂಪಿಸುವಾಗ ನಿಂಜಾ ಥಿಯರಿ ಸಂಸ್ಥೆಯವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಜೊತೆಗೆ, ಇಲ್ಲದ ದನಿಗಳನ್ನು ಕೇಳಿಸಿಕೊಂಡು ಬದುಕಿದ ವ್ಯಕ್ತಿಗಳನ್ನೂ ಕೂರಿಸಿಕೊಂಡು ಕೇಳಿದರು. ಹೆಡ್‌ಫೋನ್ ಹಾಕಿಕೊಂಡರೆ ಆಟದ ನಾಯಕಿ ಸೆನುವಾಳನ್ನು ಹೀಯಾಳಿಸುವ ದನಿಗಳು ನಮ್ಮ ಕಿವಿಯ ಹಿಂದೆಯೇ ಸುಳಿಯುತ್ತವೆ, ಮತ್ತು ಅವುಗಳ ನಡುವೆ ಅವಳನ್ನು ಹಿಂಸಿಸಿದ ತಂದೆಯ ದನಿಯೂ ಬರುತ್ತದೆ.

ವಾಸ್ಕೋದಿಂದ

ನಿಮ್ಮ ಬಳಗಕ್ಕೆ ಇನ್ನೂ ಹತ್ತಿರವೆನಿಸುವ ಆಟವೊಂದಿದೆ: ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ಸಂಸ್ಥೆಯ ‘ಡಿವೋಷನ್’. 1980ರ ದಶಕದ ತೈಪೆಯ ಒಂದು ಸಾಮಾನ್ಯ ಫ್ಲ್ಯಾಟ್, ಅವಕಾಶಗಳು ಕೈತಪ್ಪುತ್ತಿರುವ ಚಿತ್ರಕಥೆಗಾರ ತಂದೆ, ಹಾಡುವುದನ್ನು ಬಿಟ್ಟು ಮನೆ ಸೇರಿದ ತಾಯಿ, ಟಿವಿ ಸ್ಪರ್ಧೆಯಲ್ಲಿ ಹಾಡುವ ಪುಟ್ಟ ಮಗಳು. ಮಗುವಿಗೆ ಉಸಿರು ಕಟ್ಟಿದಂತಾಗುವ ಕಾಯಿಲೆ ಶುರುವಾಗುತ್ತದೆ. ಮನೋವೈದ್ಯರಿಗೆ ತೋರಿಸಿ ಎಂದರೆ ತಂದೆಗೆ ಅದು ಅವಮಾನ. ನನ್ನ ಮಗಳೇನು ಹುಚ್ಚಿಯಲ್ಲ ಎನ್ನುವ ಅವನು ಕಡೆಗೆ ಒಬ್ಬ ಗುರುಮಾತೆಯ ಮಾತು ನಂಬಿ, ಮಗಳನ್ನು ಹಾವು ಹಾಕಿದ ಮದ್ಯ ತುಂಬಿದ ಸ್ನಾನದ ತೊಟ್ಟಿಯಲ್ಲಿ ಏಳು ದಿನ ಇಡುತ್ತಾನೆ. ಅವನು ಮಗಳನ್ನು ದ್ವೇಷಿಸುವವನಲ್ಲ, ಪ್ರೀತಿಯಿಂದಲೇ ಕೊಲ್ಲುತ್ತಾನೆ. ಮೈಮೇಲೆ ಏನೋ ಬಂದಿದೆ ಎಂದು ಮಕ್ಕಳನ್ನು ಮಂತ್ರವಾದಿಗಳ ಹತ್ತಿರ ಕರೆದೊಯ್ಯುವುದನ್ನು ಊರಿನಲ್ಲಿ ಕಂಡಿರುವ ನಮಗೆ ಇದು ಪರದೇಶದ ಕಥೆ ಎನ್ನಿಸುವುದೇ ಇಲ್ಲ.

2019ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಈ ಆಟದೊಳಗೆ ಚೀನಾದ ಅಧ್ಯಕ್ಷರನ್ನು ಅಣಕಿಸುವ ಬರಹ ಕಂಡುಬಂದು ಗದ್ದಲವಾದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಯಿಂದ ತೆಗೆಯಲಾಯಿತು. 2021ರಿಂದ ತಯಾರಕರು ತಮ್ಮ ಸ್ವಂತ ಜಾಲತಾಣದಲ್ಲಿ ಮಾರುತ್ತಿದ್ದಾರೆ. ಇದೇ ಸಂಸ್ಥೆಯ 2017ರ ‘ಡಿಟೆನ್ಷನ್’ ಆಟದಲ್ಲಿ, ಸೇನಾಡಳಿತದ ಕಾಲದ ಶಾಲಾ ಹುಡುಗಿಯೊಬ್ಬಳು ಹೊಟ್ಟೆಕಿಚ್ಚಿನಿಂದ ನಿಷೇಧಿತ ಪುಸ್ತಕಗಳ ಪಟ್ಟಿಯನ್ನು ಅಧಿಕಾರಿಗೆ ಒಪ್ಪಿಸಿ ಹಲವರ ಬದುಕನ್ನು ಹಾಳುಮಾಡುತ್ತಾಳೆ. ಕೊನೆಯ ಪ್ರಶ್ನೆಗಳಿಗೆ ತಪ್ಪನ್ನು ಅಲ್ಲಗಳೆಯುವ ಉತ್ತರ ಕೊಟ್ಟರೆ ಅವಳ ಪ್ರೇತ ಅದೇ ಶಾಲೆಯಲ್ಲಿ ಸುತ್ತುತ್ತಲೇ ಉಳಿಯುತ್ತದೆ.

ಡೊಂಬಿವಲಿಯ ಓದುಗ

ಠಾಣೆಯ ಸರ್, ನಿಮ್ಮ ವಾದದಲ್ಲಿ ಒಂದು ತೊಡಕಿದೆ. ಔಷಧ ಬಳಸಿದರೂ ಬಿಟ್ಟರೂ ಮೇರಿ ಸತ್ತಿರುವುದು ಬದಲಾಗದು. ಕೊಲೆ ಜೇಮ್ಸ್‌ನದು, ಆಟಗಾರನದಲ್ಲ. ಮಾಡದ ತಪ್ಪಿನ ಅಪರಾಧಪ್ರಜ್ಞೆಯನ್ನು ನಮ್ಮ ತಲೆಗೆ ಕಟ್ಟುವುದು ಒಂದು ತಂತ್ರವಷ್ಟೇ ಅಲ್ಲವೇ?

ಠಾಣೆಯ ಆಟಗಾರ

ಕೊಲೆಯನ್ನು ನಮ್ಮ ತಲೆಗೆ ಕಟ್ಟಿದ್ದರೆ ನಿಮ್ಮ ಆಕ್ಷೇಪಣೆ ಸರಿಯಾಗುತ್ತಿತ್ತು, ಸರ್. ಆಟ ಹಾಗೆ ಮಾಡುವುದಿಲ್ಲ. ಕೊಲೆ ನಾವು ಬರುವ ಮೊದಲೇ ಆಗಿಹೋಗಿದೆ, ಅದನ್ನು ತಡೆಯುವ ಅವಕಾಶ ಯಾರಿಗೂ ಇಲ್ಲ. ಅದಾದ ಮೇಲೆ ಅವನು ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದಷ್ಟೇ ನಮ್ಮ ಕೈಗೆ ಬರುತ್ತದೆ. ಆಪ್ತರನ್ನು ದೀರ್ಘಕಾಲ ಹಾಸಿಗೆಯಲ್ಲಿ ನೋಡಿಕೊಂಡವರಿಗೆ, ದಣಿವಿನಲ್ಲಿ ಒಂದು ಕ್ಷಣವಾದರೂ ‘ಇದು ಮುಗಿದರೆ ಸಾಕು’ ಎನ್ನಿಸಿ, ಅನಂತರ ಆ ಯೋಚನೆಗಾಗಿಯೇ ವರ್ಷಗಟ್ಟಲೆ ತಮ್ಮನ್ನು ತಾವು ಶಿಕ್ಷಿಸಿಕೊಂಡದ್ದಿರುತ್ತದೆ. ಮೇಡಂ ಹೇಳಿದ ಸಂಕಲ್ಪಹಿಂಸೆಯ ಸಂಕಟ ಇದೇ. ಅಂಥವರಿಗೆ ಈ ಆಟ ತಂತ್ರವಾಗಿ ಕಾಣುವುದಿಲ್ಲ.

ಮುಲುಂಡ್ ಓದುಗಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಭೆಯಲ್ಲಿ ಕಾಳಗದ ಭಾಗವನ್ನು ಬಿಟ್ಟು, ಮೆಟ್ಟಿಲಿನ ದೃಶ್ಯವನ್ನೂ ಜೇಮ್ಸ್ ಸತ್ಯವನ್ನು ಕಾಣುವ ಹೋಟೆಲಿನ ಕೋಣೆಯ ದೃಶ್ಯವನ್ನೂ ತೋರಿಸೋಣವೆಂದು ವಿದ್ಯಾರ್ಥಿಗಳೊಡನೆ ಮಾತಾಡಿಕೊಂಡಿದ್ದೇನೆ. ಪುಣೆಯ ಮೇಡಂ, ಇಂಥ ನೋವನ್ನು ಸ್ವತಃ ಉಂಡವರು ಸಭೆಯಲ್ಲಿದ್ದರೆ ಏನು ಮಾಡಬೇಕು ಎಂಬುದನ್ನೂ ತಿಳಿಸುವಿರಾ?

ಪುಣೆಯ ಆಪ್ತಸಮಾಲೋಚಕಿ

ಇದ್ದೇ ಇರುತ್ತಾರೆ ಎಂದುಕೊಂಡೇ ಸಿದ್ಧರಾಗಿ. ಯಾವ ದೃಶ್ಯದಲ್ಲಿ ಏನಿದೆ ಎಂಬುದನ್ನು ಆಹ್ವಾನದಲ್ಲಿಯೇ ಬರೆಯಿರಿ, ಎದ್ದು ಹೋಗುವವರನ್ನು ಕಾರಣ ಕೇಳಬೇಡಿ, ಯಾರಾದರೂ ತಮ್ಮ ಅನುಭವವನ್ನು ಹೇಳತೊಡಗಿದರೆ ಅದನ್ನು ಅಲ್ಲಿಯೇ ವಿಶ್ಲೇಷಿಸಲು ಹೋಗಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಆ ಸಂಖ್ಯೆಯನ್ನು ಆಹ್ವಾನದ ಕೆಳಗೆ ಹಾಕಿ. ಸಭೆ ಭಾನುವಾರವಾದರೆ ನಾನೂ ಪುಣೆಯಿಂದ ಬಂದು ಕೊನೆಯವರೆಗೆ ಇರುತ್ತೇನೆ.