ಹೋತ ತಿಣುಕುತ್ತಿದೆ, ಯಾರಾದರೂ ಬೇಗ ಹೇಳಿ

ಪೆರ್ಲದ ಹಟ್ಟಿ · ಶನಿವಾರ, ಸಂಜೆ 5.50
ನಿನ್ನೆ ರಾತ್ರಿಯಿಂದ ನಮ್ಮ ಹೋತ ಒದ್ದಾಡುತ್ತಿದೆ. ಹಿಂಗಾಲು ಅಗಲಿಸಿ, ಬೆನ್ನು ಬಾಗಿಸಿ ನಿಲ್ಲುತ್ತದೆ, ತಿಣುಕುತ್ತದೆ, ಕೂಗುತ್ತದೆ. ಬಾಲ ಒಂದೇ ಸಮ ಅಲ್ಲಾಡಿಸುತ್ತಿದೆ. ಬೆಳಿಗ್ಗೆಯಿಂದ ಸೊಪ್ಪು ಮೂಸಿಯೂ ನೋಡಿಲ್ಲ. ಎಳ್ಳೆಣ್ಣೆ ಕುಡಿಸಿದೆ, ಓಮದ ಕಷಾಯವೂ ಆಯಿತು. ಮಲಬಾರಿ ತಳಿ, ಒಳ್ಳೆ ಮೈಕಟ್ಟು. ಇದೇ ಹಟ್ಟಿಯಲ್ಲಿ ಆರು ಹೆಣ್ಣಾಡುಗಳು ಇವೆ, ಒಂದಕ್ಕೂ ಏನೂ ಆಗಿಲ್ಲ. ಡಾಕ್ಟರಿಗೆ ನಾಲ್ಕು ಸಲ ಫೋನು ಮಾಡಿದೆ, ತೆಗೆಯಲಿಲ್ಲ. ತಲೆ ಕೆಟ್ಟುಹೋಗಿದೆ ಮಾರಾಯ್ರೇ.

ಬದಿಯಡ್ಕ ತೋಟ · 6.05
ಹೊಟ್ಟೆ ಕಟ್ಟಿದೆ, ಬೇರೆ ಏನಲ್ಲ. ಇನ್ನೂ ನೂರು ಎಂ.ಎಲ್. ಎಣ್ಣೆ ಕುಡಿಸಿ, ನಡೆದಾಡಿಸಿ. ನಮ್ಮಲ್ಲಿ ಹೀಗಾದಾಗೆಲ್ಲ ಇದರಿಂದಲೇ ಸರಿಯಾದದ್ದು.

ಪೆರ್ಲದ ಹಟ್ಟಿ · 6.11
ಬೆಳಿಗ್ಗೆ ಹಿಕ್ಕೆ ಹಾಕಿದೆ ಅಣ್ಣ. ಸ್ವಲ್ಪ.

ಬದಿಯಡ್ಕ ತೋಟ · 6.14
ಸ್ವಲ್ಪ ಅಂದರೆ ಕಟ್ಟಿದೆ ಅಂತಲೇ ಅರ್ಥ. ಎಣ್ಣೆ ಕುಡಿಸಿ.

ಮುಳ್ಳೇರಿಯ ಗಿಡ್ಡ · 6.20
ಫೋಟೋದಲ್ಲಿ ಕಿವಿ ನೋಡಿದರೆ ಶುದ್ಧ ಮಲಬಾರಿ ಅನಿಸುವುದಿಲ್ಲ. ಜಮುನಾಪಾರಿ ರಕ್ತ ಸೇರಿದೆ. ಎಲ್ಲಿಂದ ತಂದದ್ದು?

ಪೆರ್ಲದ ಹಟ್ಟಿ · 6.22
ಕಿವಿಯ ವಿಷಯ ಆಮೇಲೆ ಮಾತಾಡುವಾ. ಅದು ಈಗ ಮಲಗಿ ಹಲ್ಲು ಕಡಿಯುತ್ತಿದೆ.

ನೀರ್ಚಾಲು ಅಕ್ಕ · 6.31
ಎಣ್ಣೆ ನಿಲ್ಲಿಸಿ. ಮೊದಲು ಮೂರು ವಿಷಯ ಹೇಳಿ. ಅದು ಮೂತ್ರ ಮಾಡಿದ್ದನ್ನು ಕೊನೆಗೆ ನೋಡಿದ್ದು ಯಾವಾಗ? ಬೀಜ ಒಡೆಸಿದ್ದೀರಾ, ಎಷ್ಟು ಪ್ರಾಯದಲ್ಲಿ? ತಿನ್ನಲು ಏನು ಕೊಡುತ್ತೀರಿ? ಹಾಗೆಯೇ ಟಾರ್ಚ್ ಹಿಡಿದು ಹೊಟ್ಟೆಯ ಅಡಿ ನೋಡಿ. ಮೂತ್ರ ಬರುವ ಜಾಗದ ಕೂದಲು ಒದ್ದೆ ಇದೆಯಾ, ಒಣಗಿದೆಯಾ? ಬೆರಳಿಗೆ ಮರಳಿನ ಹಾಗೆ ಏನಾದರೂ ತಾಗುತ್ತದಾ?

ಪೆರ್ಲದ ಹಟ್ಟಿ · 6.48
ಕೂದಲು ಪೂರ್ತಿ ಒಣಗಿದೆ. ತುದಿಯಲ್ಲಿ ಬಿಳಿ ಪುಡಿ ಅಂಟಿಕೊಂಡಿದೆ, ಉಜ್ಜಿದರೆ ಗರಗರ ಅನ್ನುತ್ತದೆ. ಮೂತ್ರ ಮಾಡಿದ್ದು ನಿನ್ನೆಯಿಂದ ಯಾರೂ ನೋಡಿಲ್ಲ. ಬೀಜ ಒಂದು ತಿಂಗಳ ಮರಿ ಇರುವಾಗಲೇ ಒಡೆಸಿದ್ದು. ಅದನ್ನೂ ಹೇಳಬೇಕು ಅಂತ ಗೊತ್ತಿರಲಿಲ್ಲ. ಮಗಳು ಸಾಕಿದ್ದು, ಮಾರುವುದಕ್ಕಲ್ಲ. ಎರಡು ಹೊತ್ತು ತೌಡು ಮತ್ತು ಗೋಧಿ ಬೂಸಾ ಅಕ್ಕಚ್ಚಿನಲ್ಲಿ ಕಲಸಿ ಕೊಡುತ್ತೇವೆ. ಹಲಸಿನ ಸೊಪ್ಪು ಸಿಕ್ಕಿದ ದಿನ ಮಾತ್ರ.

ನೀರ್ಚಾಲು ಅಕ್ಕ · 7.02
ಇದು ಹೊಟ್ಟೆ ಕಟ್ಟಿದ್ದಲ್ಲ, ಮೂತ್ರ ಕಟ್ಟಿದ್ದು. ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಹೆಣ್ಣಾಡಿನ ಮೂತ್ರನಾಳ ಗಿಡ್ಡ, ಅಗಲ. ಕಲ್ಲು ಇದ್ದರೂ ಜಾರಿ ಹೋಗುತ್ತದೆ. ಗಂಡಿನದ್ದು ಉದ್ದ, ಸಪುರ. ಶಿಶ್ನ ಬೀಜದ ಚೀಲದ ಹತ್ತಿರ ಎಸ್ ಅಕ್ಷರದ ಹಾಗೆ ಎರಡು ಸಲ ಮಡಚಿಕೊಂಡಿರುತ್ತದೆ, ಅಲ್ಲಿ ಕಲ್ಲು ನಿಲ್ಲುತ್ತದೆ. ತುದಿಯಲ್ಲಿ ಎರೆಹುಳದಂಥ ಸಣ್ಣ ಬಾಲ ಉಂಟು, ಸುಮಾರು 1 ಇಂಚು. ಮೂತ್ರ ಹೊರಗೆ ಬರುವುದು ಆ ಬಾಲದೊಳಗಿಂದ. ಅದು ಎಲ್ಲಕ್ಕಿಂತ ಸಪುರ, ಕಲ್ಲು ಜಾಸ್ತಿ ಸಿಕ್ಕಿಕೊಳ್ಳುವುದೂ ಅಲ್ಲೇ. ನೀರು ಒತ್ತಾಯ ಮಾಡಿ ಕುಡಿಸಬೇಡಿ, ಮೂತ್ರಕೋಶ ಒಡೆದರೆ ಉಳಿಯುವುದು ಕಷ್ಟ. ಈ ರಾತ್ರಿಯೇ ಡಾಕ್ಟರು ನೋಡಬೇಕು.

ಬದಿಯಡ್ಕ ತೋಟ · 7.10
ಕಲ್ಲಾದರೆ ಬಾಳೆದಂಡಿನ ರಸ ಸಾಕು. ಸುಮ್ನೆ ಹೆದರಿಸಬೇಡಿ.

ಕುಂಬಳೆ ನಾಯಿಮನೆ · 7.15
ನಮ್ಮ ಲ್ಯಾಬ್ರಡಾರಿಗೆ ಹೀಗೇ ಆಗಿತ್ತು. ಸಪುರ ನಳಿಗೆ ಹಾಕಿ ಹತ್ತು ನಿಮಿಷದಲ್ಲಿ ಮೂತ್ರ ತೆಗೆದರು. ಆಡಿಗೂ ಹಾಗೆ ಮಾಡಬಹುದಲ್ವಾ?

ನೀರ್ಚಾಲು ಅಕ್ಕ · 7.24
ನಾಯಿಯದ್ದು ಬೇರೆ. ಅದರ ಶಿಶ್ನದೊಳಗೆ ಎಲುಬು ಉಂಟು, ಕಲ್ಲು ಆ ಎಲುಬಿನ ಹಿಂದೆ ನಿಲ್ಲುವುದು ಜಾಸ್ತಿ. ನಾಳದಲ್ಲಿ ಎಸ್ ಬಾಗು ಇಲ್ಲ, ಹಾಗಾಗಿ ನಳಿಗೆ ಹೋಗುತ್ತದೆ. ಆಡಿನಲ್ಲಿ ಆ ಬಾಗು ದಾಟಿದರೂ ಮುಂದೆ ಸೊಂಟದ ಎಲುಬಿನ ಹತ್ತಿರ ನಾಳಕ್ಕೆ ಒಂದು ಚಿಕ್ಕ ಜೇಬು ಇರುತ್ತದೆ. ನಳಿಗೆಯ ತುದಿ ಅದರೊಳಗೆ ಹೋಗಿ ಕೂತುಬಿಡುತ್ತದೆ, ಮೂತ್ರಕೋಶಕ್ಕೆ ತಲುಪುವುದಿಲ್ಲ.

ಮುಳ್ಳೇರಿಯ ಗಿಡ್ಡ · 7.40
ನಮ್ಮಲ್ಲಿ ಕಾಸರಗೋಡು ಗಿಡ್ಡ ಹೋರಿ ಎರಡು ಇವೆ. ಗುಡ್ಡದಲ್ಲಿ ಮೇಯುತ್ತವೆ, ಒಂದು ಹಿಡಿ ಬೂಸಾ ಕೊಟ್ಟವನಲ್ಲ. ಇಷ್ಟು ವರ್ಷದಲ್ಲಿ ಮೂತ್ರದ ತೊಂದರೆ ಕಂಡಿಲ್ಲ. ಹೋರಿಗೆ ಆ ಬಾಗು ಬೀಜದ ಚೀಲದ ಮುಂದೆ ಅಲ್ವಾ ಇರುವುದು?

ಕುಂಬಳೆ ನಾಯಿಮನೆ · 7.44
ಹಿಂದೆ.

ಮುಳ್ಳೇರಿಯ ಗಿಡ್ಡ · 7.46
ಮುಂದೆ ಅಂತ ನಾನು ಚಿತ್ರದಲ್ಲಿ ನೋಡಿದ್ದು.

ನೀರ್ಚಾಲು ಅಕ್ಕ · 7.58
ನೀವು ನೋಡಿದ್ದು ಹಂದಿಯ ಚಿತ್ರ ಇರಬೇಕು. ಹಂದಿಗೆ ಬಾಗು ಚೀಲದ ಮುಂದೆ. ಹೋರಿ, ಹೋತ, ಟಗರು ಮೂರಕ್ಕೂ ಹಿಂದೆ. ಹೋರಿಗೆ ತುದಿಯ ಆ ಉದ್ದ ಬಾಲ ಇಲ್ಲ, ಅದು ಟಗರಿಗೆ ಮತ್ತು ಹೋತಕ್ಕೆ. ಪೆರ್ಲದವರೇ, ಎಲ್ಲಿದ್ದೀರಿ?

ಪೆರ್ಲದ ಹಟ್ಟಿ · ಭಾನುವಾರ, ಬೆಳಿಗ್ಗೆ 7.15
ರಾತ್ರಿ ಪಿಕಪ್ಪಿನಲ್ಲಿ ಹಾಕಿಕೊಂಡು ಬೇರೆ ಡಾಕ್ಟರ ಮನೆಗೇ ಹೋದೆವು. ಗೋಣಿಯ ಮೇಲೆ ಅದನ್ನು ಕುಂಡೆ ಊರಿ ಕೂರಿಸಿದರು, ನಾನು ಹಿಂದಿನಿಂದ ಎದೆಗೆ ಆನಿಸಿ ಹಿಡಿದೆ. ಬಾಗನ್ನು ನೆಟ್ಟಗೆ ಮಾಡಿ ಮುಂದೆ ತಳ್ಳಿದರೂ ತುದಿ ಹೊರಗೆ ಬರಲು ತುಂಬಾ ಹೊತ್ತಾಯಿತು. ಎಳೆ ಪ್ರಾಯದಲ್ಲೇ ಬೀಜ ಒಡೆಸಿದ್ದರಿಂದ ಶಿಶ್ನಕ್ಕೆ ಅಂಟಿಕೊಂಡ ಒಳಚರ್ಮ ಬಿಟ್ಟುಕೊಂಡಿಲ್ಲ ಅಂದರು. ಕೊನೆಗೆ ಕಾಣಿಸಿತು. ಆ ಸಣ್ಣ ಬಾಲ ನೇರಳೆ ಬಣ್ಣಕ್ಕೆ ತಿರುಗಿತ್ತು, ನಡುವೆ ರಾಗಿ ಕಾಳಿನಷ್ಟು ಗಂಟು. ಬುಡದಲ್ಲಿ ಕತ್ತರಿಸಿದರು. ಎರಡು ಹನಿ ರಕ್ತ, ಮತ್ತೆ ಮೂತ್ರ. ನನ್ನ ಲುಂಗಿ ಪೂರ್ತಿ ಒದ್ದೆ. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ.

ನೀರ್ಚಾಲು ಅಕ್ಕ · 7.32
ದೇವರು ದೊಡ್ಡವನು. ಆದರೆ ಬಾಗಿನಲ್ಲಿ, ಮೂತ್ರಕೋಶದಲ್ಲಿ ಇನ್ನೂ ಕಲ್ಲು ಇರಬಹುದು. ಕೆಲವು ದಿನ ಕಣ್ಣಿಟ್ಟಿರಿ. ತೌಡು, ಬೂಸಾ ಎರಡೂ ಬಂದ್. ಅವುಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ. ಒಟ್ಟು ಮೇವಿನಲ್ಲಿ ರಂಜಕ ಒಂದು ಪಾಲು ಇದ್ದರೆ ಸುಣ್ಣದ ಅಂಶ ಎರಡು ಪಾಲು ಇರಬೇಕು.

ಬದಿಯಡ್ಕ ತೋಟ · 8.10
ಬಾಳೆದಂಡು ಕೊಡಿ, ಉಳಿದ ಕಲ್ಲು ಕರಗುತ್ತದೆ.

ಪೆರ್ಲದ ಹಟ್ಟಿ · 8.21
ಡಾಕ್ಟರು ಅಮೋನಿಯಂ ಕ್ಲೋರೈಡ್ ಕೊಟ್ಟಿದ್ದಾರೆ ಅಣ್ಣ. ಮೂತ್ರ ಹುಳಿಯಾದರೆ ಈ ಜಾತಿಯ ಕಲ್ಲು ಕಟ್ಟುವುದಿಲ್ಲವಂತೆ. ತೂಕ ನೋಡಿ ಪ್ರಮಾಣ ಬರೆದುಕೊಟ್ಟಿದ್ದಾರೆ, ಅಷ್ಟೇ ಹಾಕುತ್ತೇನೆ. ಅಕ್ಕ, ಹಟ್ಟಿಯಲ್ಲಿ ಇನ್ನೂ ಎರಡು ಗಂಡು ಮರಿ ಇವೆ, ಇಪ್ಪತ್ತು ದಿನದ್ದು. ಅವಕ್ಕೆ ಬೀಜ ಒಡೆಸುವುದು ಯಾವಾಗ?

ನೀರ್ಚಾಲು ಅಕ್ಕ · 8.40
ಈಗ ಖಂಡಿತ ಬೇಡ. ನಾಳ ಅಗಲವಾಗುವುದು, ಒಳಚರ್ಮ ಬಿಡುವುದು, ಎಲ್ಲವೂ ಬೀಜದಿಂದ ಬರುವ ಹಾರ್ಮೋನಿನಿಂದ. ಒಂದು ತಿಂಗಳಲ್ಲಿ ಒಡೆಸಿದರೆ ನಾಳ ಮರಿಯದ್ದರ ಹಾಗೆಯೇ ಉಳಿಯುತ್ತದೆ. ನಾನು ಐದಾರು ತಿಂಗಳು ಕಾಯುತ್ತೇನೆ. ಹೆಣ್ಣಾಡುಗಳ ಜೊತೆ ಮಾತ್ರ ಬಿಡಬೇಡಿ, ಮೂರು ನಾಲ್ಕು ತಿಂಗಳಿಗೇ ಗಬ್ಬ ಮಾಡಿಬಿಡಬಹುದು. ಬೇರೆ ಕಟ್ಟಿ.

ಮುಳ್ಳೇರಿಯ ಗಿಡ್ಡ · 9.05
ಹೊಸ ಹೋರಿಕರುವಿನ ಫೋಟೋ ಹಾಕಿದ್ದೇನೆ, ನೋಡಿ. ಕಪ್ಪು, ಗೊರಸು ಎಷ್ಟು ಗಟ್ಟಿ. ಗೊಬ್ಬರಕ್ಕೆ ಇದಕ್ಕಿಂತ ಒಳ್ಳೆ ತಳಿ ಇಲ್ಲ.

ಕುಂಬಳೆ ನಾಯಿಮನೆ · 9.12
ಚಂದ ಉಂಟು. ಹಟ್ಟಿಗೆ ರಬ್ಬರ್ ಮ್ಯಾಟ್ ಹಾಕಿದ್ದಾ?

ಪೆರ್ಲದ ಹಟ್ಟಿ · ಸೋಮವಾರ, ಸಂಜೆ 6.35
ಮತ್ತೆ ಬೆನ್ನು ಬಾಗಿಸಿದೆ. ಹನಿ ಹನಿ ಬರುತ್ತಿದೆ, ಧಾರೆ ಇಲ್ಲ.

ನೀರ್ಚಾಲು ಅಕ್ಕ · 6.38
ಬಾಗಿನಲ್ಲಿ ಇನ್ನೊಂದು ಸಿಕ್ಕಿರಬೇಕು. ಕಾಯಬೇಡಿ, ಸ್ಕ್ಯಾನ್ ಮತ್ತು ಆಪರೇಷನ್ ಇರುವಲ್ಲಿಗೇ ಹೋಗಿ.

ಪೆರ್ಲದ ಹಟ್ಟಿ · 6.52
ಮಂಗಳೂರಿಗೆ ಹೊರಟೆವು. ಮಗಳು ಹಿಂದೆ ಅದರ ಜೊತೆ ಕೂತಿದ್ದಾಳೆ.